ಹಾಲುಹಲ್ಲಿನ ಹುಳುಕಿನಿಂದ ಮುಖ ಬಾತರೆ: ಏನು ನೋಡಬೇಕು, ಎಲ್ಲಿಗೆ ಒಯ್ಯಬೇಕು

ಮಗುವಿನ ಕೆನ್ನೆ, ಕಣ್ಣಿನ ಕೆಳಭಾಗ ಅಥವಾ ದವಡೆಯ ಅಡಿ ಈಗಾಗಲೇ ಬಾತಿದ್ದರೆ ಉಳಿದದ್ದನ್ನೆಲ್ಲ ಆಮೇಲೆ ಓದಿ. ಮೊದಲು ಮಗುವನ್ನು ಬೆಳಕಿನಲ್ಲಿ ಕೂಡಿಸಿಕೊಂಡು ಇಷ್ಟು ನೋಡಿ:

- ಉಸಿರಾಡಲು ತ್ರಾಸು, ಉಸಿರಿನ ಜೊತೆ ಸದ್ದು, ಮಲಗಿಸಿದರೆ ಗಾಬರಿಯಾಗಿ ಎದ್ದು ಕೂಡುವುದು
- ಜೊಲ್ಲು ನುಂಗಲಾಗದೆ ಸುರಿಯುವುದು, ನೀರನ್ನೂ ಒಲ್ಲೆ ಎನ್ನುವುದು, ದನಿ ಬದಲಾಗಿ ಮಾತು ತೊದಲುವುದು
- ನಾಲಿಗೆಯ ಅಡಿ ಬಾತು ನಾಲಿಗೆ ಮೇಲಕ್ಕೆದ್ದಂತೆ ಕಾಣುವುದು. ಗದ್ದದ ಕೆಳಗೆ ಎರಡೂ ಬದಿ ಮುಟ್ಟಿದರೆ ಗಟ್ಟಿ ಹತ್ತುವುದು
- ಬಾಯಿ ತೆರೆಯಲಾಗದಿರುವುದು. ಮಗುವಿನದೇ ಮೂರು ಬೆರಳು ಒಂದರ ಮೇಲೊಂದು ಮುಂದಿನ ಹಲ್ಲುಗಳ ನಡುವೆ ಹಿಡಿಯಬೇಕು. ಒಂದೇ ಬೆರಳು ಹೋಗುತ್ತಿದ್ದರೆ ಸೋಂಕು ದವಡೆಯ ಸ್ನಾಯುಗಳವರೆಗೆ ಮುಟ್ಟಿರಬಹುದು
- ರೆಪ್ಪೆ ಬಾತು ಕಣ್ಣು ಮುಚ್ಚಿಹೋಗುವುದು, ಗುಡ್ಡೆ ಹೊರಳಿಸಿದರೆ ನೋವು, ಒಂದು ವಸ್ತು ಎರಡಾಗಿ ಕಾಣುವುದು
- ಜ್ವರದ ಜೊತೆ ಮಂಕು, ಮೇಲಿಂದ ಮೇಲೆ ವಾಂತಿ, ಕುತ್ತಿಗೆ ಬಿಗಿತ ಅಥವಾ ಫಿಟ್ಸ್

ಇವುಗಳಲ್ಲಿ ಒಂದೇ ಒಂದು ಕಂಡರೂ ಓಣಿಯ ಹಲ್ಲಿನ ಕ್ಲಿನಿಕ್ಕು ಯಾವಾಗ ತೆರೆಯುತ್ತದೆ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ಯಿರಿ. ಹುಬ್ಬಳ್ಳಿಯಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಕಡೆ ಸತ್ತೂರಿನ ಎಸ್‌ಡಿಎಂ, ಗದಗಿನಲ್ಲಿ ಜಿಮ್ಸ್, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ. ಹಲ್ಲಿನ ಓಪಿಡಿಗಳು ಹಗಲಿನವು. ಈ ಹಂತದಲ್ಲಿ ಮಗುವಿಗೆ ಬೇಕಾದದ್ದು ಹಲ್ಲಿನ ಕುರ್ಚಿಯೂ ಅಲ್ಲ. ಉಸಿರಿನ ದಾರಿ ಕಾಯುವ ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ರಕ್ತನಾಳದ ಮೂಲಕ ಔಷಧ. ಗದಗ ಅಥವಾ ಹಾವೇರಿಯಿಂದ ಹುಬ್ಬಳ್ಳಿಗೆ ಬರೆದುಕೊಟ್ಟರೆ ದಾರಿಯೇ ಒಂದು, ಒಂದೂವರೆ ತಾಸು. ಹೊರಡುವ ಮೊದಲು ಎರಡು ಮಾತು ಕೇಳಿ: ಆಂಟಿಬಯೋಟಿಕ್ಕಿನ ಮೊದಲ ಡೋಸು ಹಾಕಿದಿರಾ? ದಾರಿಯಲ್ಲಿ ಉಸಿರು ಕಟ್ಟುವ ಭಯ ಇದೆಯಾ?

ಗಾಡಿಯಲ್ಲಿ ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂಡಿಸಿಕೊಳ್ಳಿ, ಅಂಗಾತ ಮಲಗಿಸಬೇಡಿ. ಎಲ್ಲಿಗಾದರೂ ಹೊರಟರೆ ಮಕ್ಕಳಿಗೆ ಹೊಟ್ಟೆ ತುಂಬ ಉಣಿಸಿಯೇ ಹೊರಡುವುದು ನಮ್ಮ ರೂಢಿ. ಇಲ್ಲಿ ಅದು ಬೇಡ. ಅರಿವಳಿಕೆ ಕೊಟ್ಟು ಕೀವು ತೆಗೆಯಬೇಕಾದರೆ ಉಂಡ ಮೇಲೆ ಸಾಮಾನ್ಯವಾಗಿ 6 ತಾಸು ಕಾಯಿಸುತ್ತಾರೆ. ಕಡೆಯ ತುತ್ತು ಎಷ್ಟು ಗಂಟೆಗೆ, ಯಾವ ಔಷಧ ಎಷ್ಟು ಗಂಟೆಗೆ ಕೊಟ್ಟಿರಿ ಎಂಬುದನ್ನು ಮೊಬೈಲಿನಲ್ಲಿ ಬರೆದಿಡಿ.

ಹುಳುಕು ಬಾವಾಗುವ ದಾರಿ

ಹಾಲುಹಲ್ಲಿನ ಹೊರಪದರ ತೆಳು, ಒಳಗಿನ ನರದ ಕೋಣೆ ದೊಡ್ಡದು. ದೊಡ್ಡವರ ಹಲ್ಲಿನಲ್ಲಿ ವರ್ಷಗಟ್ಟಲೆ ಹಿಡಿಯುವ ಹುಳುಕು ಇಲ್ಲಿ ಕೆಲವೇ ತಿಂಗಳಲ್ಲಿ ನರ ಮುಟ್ಟುತ್ತದೆ. ಹಲ್ಲಿಗೆ ಅಂಟಿದ ಜಿಗುಟು ಪದರದಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಅಲ್ಲಿನ ಪಿಎಚ್ (ಆಮ್ಲದ ಅಳತೆ; ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಖನಿಜ ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿದಾರಿಗೆ ತರಲು ಅರ್ಧ ತಾಸಿನಷ್ಟು ಬೇಕು. ನಿದ್ದೆಯಲ್ಲಿ ಜೊಲ್ಲು ಬತ್ತುವುದರಿಂದ ಸಕ್ಕರೆ ಹಾಲಿನ ಬಾಟಲಿ ಕಚ್ಚಿಕೊಂಡೇ ಮಲಗುವ ಕೂಸಿನ ಮೇಲಿನ ನಾಲ್ಕು ಮುಂದಿನ ಹಲ್ಲು ಮೊದಲು ಹೋಗುತ್ತವೆ. ಕೆಳಗಿನವನ್ನು ನಾಲಿಗೆ ಮುಚ್ಚಿ ಕಾಯುತ್ತದೆ.

ಪಾಲಕರು ಮೋಸ ಹೋಗುವುದು ಮುಂದಿನ ಹಂತದಲ್ಲಿ. ನರ ಉರಿಯುತ್ತಿರುವಾಗ ಮಗು ರಾತ್ರಿಯೆಲ್ಲ ಅಳುತ್ತದೆ. ಮೂರ‍್ನಾಲ್ಕು ದಿನಕ್ಕೆ ಅಳು ನಿಲ್ಲುತ್ತದೆ. ಲವಂಗದೆಣ್ಣೆ ಹಿಡಿಯಿತು, ದೃಷ್ಟಿ ತೆಗೆಸಿದ್ದು ಹತ್ತಿತು ಎಂದು ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ನಿಜವಾಗಿ ಆದದ್ದು ನರ ಸತ್ತದ್ದು. ನೋವು ತಿಳಿಸುವ ನರವೇ ಇಲ್ಲದ ಮೇಲೆ ಸೋಂಕು ಬೇರಿನ ತುದಿಯಿಂದ ಮೂಳೆಗೆ ಸದ್ದಿಲ್ಲದೆ ಇಳಿಯುತ್ತದೆ. ಒಸಡಿನ ಮೇಲೆ ಸಣ್ಣ ಗುಳ್ಳೆಯಾಗಿ ಒಡೆದು ಕೀವು ಸೋರುತ್ತಿದ್ದರೆ ಒಳಗಿನ ಒತ್ತಡ ಕಡಿಮೆ, ಹಾಗಾಗಿ ಆಗಲೂ ನೋವಿಲ್ಲ. ಆ ಗುಳ್ಳೆಯ ಬಾಯಿ ಮುಚ್ಚಿದ ದಿನ, ಅಥವಾ ಬೇರೆ ಜ್ವರ ಬಂದು ಮಗು ನಿತ್ರಾಣವಾದ ದಿನ ಮುಖ ಬಾಯುತ್ತದೆ. ಆದ್ದರಿಂದ ನೋವು ತಾನಾಗಿಯೇ ನಿಂತ ಹುಳುಕು ಹಲ್ಲನ್ನು ಅಳಿಸುವ ಹಲ್ಲಿಗಿಂತ ಬೇಗ ತೋರಿಸಬೇಕು. ‘ಬೀಳೋ ಹಲ್ಲು, ಬಿಡ್ರಿ’ ಎನ್ನುವವರು ಬಹಳ. ಆದರೆ ಹಾಲಿನ ದವಡೆಹಲ್ಲು ಬೀಳುವುದು 10ರಿಂದ 12 ವರ್ಷಕ್ಕೆ. ನಾಲ್ಕು ವರ್ಷದ ಮಗು ಆ ಕೀವು ಹೊತ್ತುಕೊಂಡು ಇನ್ನೂ ಆರೇಳು ವರ್ಷ ತೆಗೆಯಬೇಕು. ಅಡಿಯಲ್ಲಿ ಬೆಳೆಯುತ್ತಿರುವ ಕಾಯಂ ಹಲ್ಲೂ ಕಲೆ, ಕುಳಿಗಳೊಂದಿಗೆ ಹುಟ್ಟಬಹುದು.

ಸೋಂಕು ಎತ್ತ ಹರಡುತ್ತದೆ ಎಂಬುದು ಯಾವ ಹಲ್ಲು ಎಂಬುದರ ಮೇಲೆ. ಮೇಲಿನ ಹಲ್ಲಿನದು ಕೆನ್ನೆ ಏರಿ ಕಣ್ಣಿನ ಕಡೆ ಹೋಗುತ್ತದೆ. ಅಪರೂಪಕ್ಕೆ ಕಣ್ಣಿನ ಹಿಂದಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಜೀವಕ್ಕೇ ಬರುತ್ತದೆ. ಕೆಳದವಡೆಯದು ಗದ್ದದ ಅಡಿ ಮತ್ತು ನಾಲಿಗೆಯ ಬುಡಕ್ಕೆ ಇಳಿಯುತ್ತದೆ. ಅಲ್ಲಿ ಎರಡೂ ಬದಿ ಬಾತು ಉಸಿರಿನ ದಾರಿ ಒತ್ತುವ ಸ್ಥಿತಿಗೆ ವೈದ್ಯರು ಲುಡ್‌ವಿಗ್ಸ್ ಆಂಜೈನಾ ಎನ್ನುತ್ತಾರೆ. ಅದು ಕೆಲವೇ ತಾಸಿನಲ್ಲಿ ಉಲ್ಬಣಿಸುತ್ತದೆ; ‘ಬೆಳಗಾಗಲಿ, ನೋಡೋಣ’ ಎಂದು ಕೂಡುವ ಕಾಯಿಲೆ ಅದಲ್ಲ.

ಬಾಯಿ ಪರೀಕ್ಷೆ

ತಿಂಗಳಿಗೊಮ್ಮೆ ಐದು ನಿಮಿಷ ಸಾಕು. ಸಣ್ಣ ಮಗುವಾದರೆ ಇಬ್ಬರು ಬೇಕು. ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂಡಿ. ತಾಯಿ ಮಗುವನ್ನು ತನ್ನ ಕಡೆ ಮುಖಮಾಡಿ ತೊಡೆಯ ಮೇಲೆ ಕೂಡಿಸಿಕೊಂಡು, ಮೆಲ್ಲಗೆ ಹಿಂದಕ್ಕೆ ಮಲಗಿಸಿ ತಲೆಯನ್ನು ಎದುರಿನವರ ಮಡಿಲಿಗೆ ಇಡಬೇಕು. ಕೈಕಾಲು ತಾಯಿಯ ಹಿಡಿತದಲ್ಲಿ, ಬಾಯಿ ಎದುರಿನವರ ಕಣ್ಣ ಮುಂದೆ. ಮೊಬೈಲ್ ಟಾರ್ಚ್ ಹಚ್ಚಿ. ಅತ್ತರೆ ಅಳಲಿ, ಬಾಯಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಮೇಲಿನ ತುಟಿಯನ್ನು ಮೂಗಿನವರೆಗೂ ಎತ್ತಿ. ಒಸಡಿಗೆ ಹೊಂದಿಕೊಂಡು ಹಲ್ಲಿನ ಮೇಲೆ ಮಂಕು ಬಿಳಿ ಗೆರೆ ಇದ್ದರೆ ಅದು ಹುಳುಕಿನ ಮೊದಲ ಗುರುತು. ಫ್ಲೋರೈಡ್ ಹಚ್ಚಿ, ತಿಕ್ಕುವುದನ್ನು ಸರಿಪಡಿಸಿದರೆ ಅದು ಅಲ್ಲಿಗೇ ನಿಲ್ಲಬಹುದು, ವಾಸಿಯಾಗಲೂಬಹುದು. ಕಂದು ಬಣ್ಣದ ಮೆತ್ತನೆ ಕುಳಿಯಾಗಿದ್ದರೆ ಆ ಹಂತ ದಾಟಿತು. ಆಮೇಲೆ ಒಂದು ಬೆರಳಿನಿಂದ ಕೆನ್ನೆಯನ್ನು ಹೊರಗೆಳೆದು ದವಡೆಹಲ್ಲುಗಳ ನಡುಸಂದು ನೋಡಿ. ಎರಡು ಹಲ್ಲು ಅಂಟಿಕೊಂಡಿರುವ ಕಡೆಯ ಹುಳುಕು ಕುಳಿಯಾಗಿ ಕಾಣುವ ಮೊದಲು ಅಂಚು ಬೂದುಬಣ್ಣಕ್ಕೆ ತಿರುಗುತ್ತದೆ. ಒಸಡಿನ ಮೇಲೆ ಕೆಂಪು ಅಥವಾ ಹಳದಿ ತುದಿಯ ಗುಳ್ಳೆ, ಬಣ್ಣಗೆಟ್ಟ ಒಂಟಿ ಹಲ್ಲು, ಅಲುಗಾಡುವ ವಯಸ್ಸಲ್ಲದ ಹಲ್ಲು ಅಲುಗುವುದು, ಯಾವಾಗಲೂ ಒಂದೇ ಬದಿಯಲ್ಲಿ ಅಗಿಯುವುದು: ಇವು ಕಂಡರೆ ಆ ವಾರದಲ್ಲೇ ಹಲ್ಲಿನ ವೈದ್ಯರ ಹತ್ತಿರ ಹೋಗಬೇಕು. ಗುಳ್ಳೆಯನ್ನು ಸೂಜಿ, ಪಿನ್ನಿನಿಂದ ಚುಚ್ಚಬಾರದು.

ಬಾವು ಹಲ್ಲಿನದೋ ಮಂಗನಬಾವೋ ಎಂಬ ಗೊಂದಲ ಸಹಜ. ಮಂಗನಬಾವಿನಲ್ಲಿ ಊತ ಕಿವಿಯ ಮುಂದೆ ಮತ್ತು ಕೆಳಗೆ ಬಂದು ಕಿವಿಹಾಲೆಯನ್ನು ಮೇಲೆತ್ತುತ್ತದೆ, ದವಡೆಮೂಳೆಯ ಮೂಲೆ ಕೈಗೆ ಸಿಗುವುದಿಲ್ಲ, ಬಹಳ ಸಲ ಒಂದೆರಡು ದಿನದಲ್ಲಿ ಇನ್ನೊಂದು ಬದಿಯೂ ಬಾಯುತ್ತದೆ. ಹಲ್ಲಿನದು ಒಂದೇ ಬದಿ, ಹುಳುಕು ಹಲ್ಲಿನ ನೇರಕ್ಕೆ, ಚರ್ಮ ಬಿಸಿ ಮತ್ತು ಕೆಂಪು. ಮಂಗನಬಾವೆಂದು ಮೇಲೆ ಲೇಪ ಹಚ್ಚಿಬಿಟ್ಟರೆ ಚರ್ಮದ ಕೆಂಪು ಮುಚ್ಚಿಹೋಗಿ ವೈದ್ಯರಿಗೂ ಕಾಣದಾಗುತ್ತದೆ. ಹಚ್ಚಿದ್ದರೆ ತೊಳೆದುಕೊಂಡು ಹೋಗಿ.

ಬಾವಿದೆ, ಅಪಾಯದ ಗುರುತಿಲ್ಲ: ಮೊದಲ 24 ತಾಸು

1. ಬಾವಿನ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆಯಿರಿ, ಒಂದು ಫೋಟೊ ತೆಗೆದಿಡಿ. ನಾಲ್ಕು ತಾಸಿಗೊಮ್ಮೆ ನೋಡಿ. ಬಾವು ಅಥವಾ ಚರ್ಮದ ಕೆಂಪು ಆ ಗೆರೆಯನ್ನು ದಾಟಿದರೆ ಮರುದಿನದ ಅಪಾಯಿಂಟ್‌ಮೆಂಟಿಗೆ ಕಾಯದೆ ತುರ್ತು ವಿಭಾಗಕ್ಕೆ ಹೊರಡಿ. ಮನೆಮಂದಿ ‘ಹೆಚ್ಚಾತು’, ‘ಇಲ್ಲ, ಇಳದೈತಿ’ ಎಂದು ವಾದಿಸುವುದನ್ನು ಈ ಗೆರೆ ಮುಗಿಸುತ್ತದೆ.

2. ನೋವು, ಜ್ವರಕ್ಕೆ ಪ್ಯಾರಾಸಿಟಮಾಲ್. ವಯಸ್ಸಿನ ಲೆಕ್ಕ ಬೇಡ, ತೂಕದ ಲೆಕ್ಕ ಹಿಡಿಯಿರಿ: ಒಂದು ಕಿಲೋಗೆ 15 ಮಿ.ಗ್ರಾಂ, 6 ತಾಸಿಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಸಿರಪ್ಪಿನ ಬಾಟಲಿಗಳು ಒಂದೇ ಶಕ್ತಿಯವಲ್ಲ ಎಂಬಲ್ಲಿಯೇ ತಪ್ಪಾಗುವುದು. 12 ಕಿಲೋ ಮಗುವಿಗೆ 180 ಮಿ.ಗ್ರಾಂ ಬೇಕು. ಲೇಬಲ್ ಮೇಲೆ ‘5 ಎಂ.ಎಲ್.ಗೆ 120’ ಎಂದಿದ್ದರೆ ಏಳೂವರೆ ಎಂ.ಎಲ್., ‘5 ಎಂ.ಎಲ್.ಗೆ 250’ ಎಂದಿದ್ದರೆ ಮೂರೂವರೆ ಎಂ.ಎಲ್. ಅಡುಗೆ ಚಮಚ ಬೇಡ; ಬಾಟಲಿಯ ಮುಚ್ಚಳದ ಅಳತೆ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಿ.

3. ಐಬುಪ್ರೊಫೆನ್ ವೈದ್ಯರು ಹೇಳಿದರೆ ಮಾತ್ರ, ಹೊಟ್ಟೆಗೆ ಏನಾದರೂ ಕೊಟ್ಟ ಮೇಲೆ. ಊರಲ್ಲಿ ಡೆಂಗಿ ಓಡಾಡುತ್ತಿದ್ದರೆ ಮುಟ್ಟಲೇಬೇಡಿ. ನಿಮೆಸುಲೈಡ್ ಇರುವ ಗುಳಿಗೆಯ ಅರ್ಧ ಮುರಿದು ಕೊಡುವುದು ಇನ್ನೂ ನಿಂತಿಲ್ಲ. 12 ವರ್ಷದೊಳಗಿನವರಿಗೆ ಅದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಆಸ್ಪಿರಿನ್ ಮಕ್ಕಳಿಗೆ ಸಲ್ಲ. ಅದನ್ನು ಹಲ್ಲಿನ ಸಂದಿಗೆ ಇಟ್ಟರೆ ಒಸಡು ಸುಟ್ಟು ಬಿಳಿಯಾಗುತ್ತದೆ.

4. ನೀರು, ಎಳನೀರು, ತೆಳು ಮಜ್ಜಿಗೆ, ತಣ್ಣಗಾದ ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಿರಿ. 8 ತಾಸು ಮೂತ್ರ ಆಗದಿದ್ದರೆ ಅದೂ ಆಸ್ಪತ್ರೆಗೆ ಹೋಗುವ ಕಾರಣ.

5. ಉಗುರುಬೆಚ್ಚನೆ ಉಪ್ಪುನೀರು ಮುಕ್ಕಳಿಸಲು ಬರುವ ಮಗುವಾದರೆ ಮುಕ್ಕಳಿಸಲಿ: ಒಂದು ಲೋಟಕ್ಕೆ ಅರ್ಧ ಚಮಚ. ಹೊರಗಿನಿಂದ ಶಾಖ ಬೇಡ. ಬಿಸಿ ಅರಿವೆ, ಬೆಚ್ಚಗಿನ ಮರಳು ಗಂಟು ಕಟ್ಟಿ ಕಾಸಿದರೆ ಕೀವು ಬಾಯೊಳಗೆ ಒಡೆಯುವ ಬದಲು ಕೆನ್ನೆಯ ಚರ್ಮ ಒಡೆದು ಹೊರಬರಬಹುದು. ಆ ಕಲೆ ಮುಖದ ಮೇಲೆ ಉಳಿಯುತ್ತದೆ. ಸುಣ್ಣ, ಅಡಿಕೆ, ತಂಬಾಕಿನ ಪುಡಿ ಏನನ್ನೂ ಹಲ್ಲಿಗೆ ತುಂಬಬೇಡಿ. ಕಿವಿಯಿಂದಲೋ ಹಲ್ಲಿನಿಂದಲೋ ಹುಳ ತೆಗೆದು ತೋರಿಸುವವರು ಸಂತೆ, ಜಾತ್ರೆಯಲ್ಲಿ ಸಿಗುತ್ತಾರೆ. ಹಲ್ಲಿನಲ್ಲಿ ಹಾಗೆ ಕಣ್ಣಿಗೆ ಕಾಣುವ ಹುಳ ಇರುವುದೇ ಇಲ್ಲ, ಅದು ಕೈಚಳಕ.

ಆಂಟಿಬಯೋಟಿಕ್ ಮತ್ತು ಹಲ್ಲು

ಮೆಡಿಕಲ್ ಶಾಪಿನಲ್ಲಿ ‘ಬಾವಿನ ಗುಳಿಗೆ’ ಕೇಳಿ ತರುವುದರಷ್ಟು ಹಾನಿ ಬೇರಾವುದೂ ಮಾಡಿಲ್ಲ. ಅದರಿಂದ ಮೂರು ದಿನಕ್ಕೆ ಬಾವು ಇಳಿಯುತ್ತದೆ, ಹಲ್ಲು ಮರೆತುಹೋಗುತ್ತದೆ, ಒಂದೆರಡು ತಿಂಗಳಿಗೆ ಮತ್ತೆ ಬಾವು. ಕಾರಣ ಸರಳ: ಸತ್ತ ನರದೊಳಗೆ ರಕ್ತ ಹರಿಯುವುದಿಲ್ಲ, ಹಾಗಾಗಿ ಔಷಧ ಅಲ್ಲಿಗೆ ಮುಟ್ಟುವುದಿಲ್ಲ. ಹಲ್ಲಿನೊಳಗಿನ ಕೊಳೆ ತೆಗೆಯುವವರೆಗೆ ಸೋಂಕಿನ ಮೂಲ ಹಾಗೇ ಇರುತ್ತದೆ. ಗುಳಿಗೆಯ ಪೊಟ್ಟಣದಲ್ಲಿ ಸ್ಟೀರಾಯ್ಡ್ ಸೇರಿದ್ದರಂತೂ ಊತ ಇಳಿದಂತೆ ಕಂಡು ಒಳಗೆ ಸೋಂಕು ಹರಡಬಹುದು.

ವೈದ್ಯರು ಬರೆದಿದ್ದರೆ ಪೂರ್ತಿ ಕೊಡಿ. ಒಣಪುಡಿಯ ಸಿರಪ್ಪಾದರೆ ಕುದಿಸಿ ಆರಿಸಿದ ನೀರನ್ನು ಗುರುತಿನ ಅರ್ಧದವರೆಗೆ ಹಾಕಿ ಅಲುಗಾಡಿಸಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿ. ಒಂದೇ ಸಲ ಸುರಿದರೆ ತಳದಲ್ಲಿ ಪುಡಿ ಗಂಟು ಉಳಿದು ಮೊದಲ ಡೋಸುಗಳು ತೆಳುವಾಗುತ್ತವೆ, ಕಡೆಯವು ಗಟ್ಟಿ. ಪ್ರತಿ ಸಲ ಅಲುಗಾಡಿಸಿ. ಕಲಸಿದ್ದು ಸಾಮಾನ್ಯವಾಗಿ 7 ದಿನ ಬಾಳುತ್ತದೆ. ಕೆಲವನ್ನು ಫ್ರಿಜ್ಜಿನಲ್ಲೇ ಇಡಬೇಕು. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಚೀಟಿ ಬರೆಯುವಾಗಲೇ ಹೇಳಿಬಿಡಿ. ಉಳಿದದ್ದನ್ನು ತಮ್ಮನ ಕೆಮ್ಮಿಗೆಂದು ಎತ್ತಿಡಬೇಡಿ.

ಹಲ್ಲಿನ ವೈದ್ಯರಲ್ಲಿ ಕೇಳಬೇಕಾದದ್ದು ಮೂರೇ: ಯಾವ ಹಲ್ಲು, ಮೂಲ ಯಾವತ್ತು ತೆಗೆಯುತ್ತೀರಿ, ಏನಾದರೆ ಮೊದಲೇ ವಾಪಸ್ ಬರಬೇಕು. ಹಲ್ಲು ಉಳಿಯುವಂತಿದ್ದರೆ ನರ ಸ್ವಚ್ಛಮಾಡಿ ಔಷಧ ತುಂಬಿ ಸ್ಟೀಲ್ ಕ್ಯಾಪ್ ಹಾಕುತ್ತಾರೆ. ಬೇರು ಹಾಳಾಗಿದ್ದರೆ ಕೀಳುತ್ತಾರೆ. ಬಾವಿದ್ದಾಗ ಹಲ್ಲು ಕೀಳಲೇಬಾರದು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನಿಜವೆಂದರೆ ಎಷ್ಟೋ ಸಲ ಬೇಗ ಕೀಳುವುದೇ ಚಿಕಿತ್ಸೆ. ಸೋಂಕಿದ್ದ ಜಾಗದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಹತ್ತದಿರಬಹುದು, ಆದ್ದರಿಂದ ವೈದ್ಯರು ದೂರದಿಂದ ಚುಚ್ಚಿ ಇಡೀ ನರ ಮರಗಟ್ಟಿಸುತ್ತಾರೆ ಅಥವಾ ಸಣ್ಣ ಮಕ್ಕಳಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಚಿಕಿತ್ಸೆ ಶುರುವಾಗಿ 48 ತಾಸಾದರೂ ಜ್ವರ, ಬಾವು ಇಳಿಯದಿದ್ದರೆ ಡೋಸು ಮುಗಿಯಲಿ ಎಂದು ಕಾಯದೆ ಮತ್ತೆ ತೋರಿಸಿ. ಹಾಲಿನ ದವಡೆಹಲ್ಲು ಅವಧಿಗೆ ಮೊದಲೇ ಕಿತ್ತರೆ ಪಕ್ಕದ ಹಲ್ಲು ವಾಲಿ ಜಾಗ ಮುಚ್ಚುತ್ತದೆ. ಜಾಗ ಕಾಯುವ ತಂತಿ ಬೇಕೇ ಎಂದು ಅಂದೇ ಕೇಳಿ.

ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಕ್ಕಳು, ಕವಾಟ ಬದಲಿಸಿದವರು, ಕೀಮೊ ಅಥವಾ ದಿನವೂ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆ ಇರುವ ಮಕ್ಕಳು ಬೇರೆಯೇ ಸಾಲಿನವರು. ಬಾಯಿಯ ಬ್ಯಾಕ್ಟೀರಿಯಾ ರಕ್ತ ಸೇರಿ ಹೃದಯದ ಕವಾಟದಲ್ಲಿ ನೆಲೆಸಬಹುದು. ಮೈ ನೀಲಿಗಟ್ಟುವ ಹೃದಯದೋಷವಿದ್ದರೆ ಮಿದುಳಿನಲ್ಲಿ ಕೀವುಗಟ್ಟುವ ಅಪಾಯವೂ ಇದೆ. ಇವರಲ್ಲಿ ಕೆಲವರಿಗೆ ಹಲ್ಲು ಕೀಳುವ ಅರ್ಧದಿಂದ ಒಂದು ತಾಸು ಮೊದಲು ಆಂಟಿಬಯೋಟಿಕ್ ಬೇಕು, ಎಲ್ಲರಿಗೂ ಅಲ್ಲ. ಹೃದಯದ ವೈದ್ಯರ ಚೀಟಿ ಹಿಡಿದುಕೊಂಡೇ ಹಲ್ಲಿನವರ ಹತ್ತಿರ ಹೋಗಿ. ಈ ಮಕ್ಕಳಿಗೆ ಹಲ್ಲಿನ ಬಾವಿನ ಜೊತೆ ಜ್ವರ ಬಂದರೆ ಮನೆಯಲ್ಲಿ 24 ತಾಸು ನೋಡುವ ಮಾತೇ ಇಲ್ಲ.

ಮುಂಡರಗಿ ಕಡೆಯವರಿಗೆ

ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ತಾಲ್ಲೂಕಿನಲ್ಲಿ, ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಾಗುವುದು ಅಲ್ಲಿ ಎಷ್ಟು ಮಾಮೂಲಾಗಿದೆಯೆಂದರೆ ಹುಳುಕನ್ನೂ ‘ನೀರಿನ ಕಲೆ’ ಎಂದು ಬಿಟ್ಟುಬಿಡುತ್ತಾರೆ. ಗುರುತಿಸುವುದು ಕಷ್ಟವಲ್ಲ. ನೀರಿನ ಕಲೆ ಎಡಬಲ ಜೋಡಿ ಹಲ್ಲುಗಳ ಮೇಲೆ ಒಂದೇ ರೀತಿ, ಅಡ್ಡಗೆರೆಯಾಗಿ, ಹೆಚ್ಚಾಗಿ ಕಾಯಂ ಹಲ್ಲಿನಲ್ಲಿ. ಉಗುರಿನಿಂದ ಕೆರೆದರೆ ಸಾಮಾನ್ಯವಾಗಿ ಗಟ್ಟಿ. ಹುಳುಕು ಯಾವುದೋ ಒಂದೆರಡು ಹಲ್ಲಿನಲ್ಲಿ, ಸಂದಿ ಅಥವಾ ಕುಳಿಯಲ್ಲಿ, ಮೆತ್ತಗೆ, ಅನ್ನ ಸಿಕ್ಕಿಕೊಳ್ಳುವಂತೆ. ಎರಡೂ ಒಂದೇ ಬಾಯಲ್ಲಿರಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಕೊನೆಯ ಮಿತಿ ಲೀಟರಿಗೆ 1.5 ಮಿ.ಗ್ರಾಂ. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾಗಿ ಇನ್ನಷ್ಟು ದಟ್ಟವಾಗುತ್ತದೆ. 8 ವರ್ಷದೊಳಗಿನ ಮಕ್ಕಳಿಗಾದರೂ ಕುಡಿಯಲು, ಅಡುಗೆಗೆ ಹೊಳೆ ನೀರು ಅಥವಾ ಶುದ್ಧೀಕರಣ ಘಟಕದ ನೀರು ಕೊಡಿ. ಪೇಸ್ಟ್ ನುಂಗದಂತೆ ಕಾಯಿರಿ, ಪೇಸ್ಟನ್ನೇ ಬಿಟ್ಟುಬಿಡಬೇಡಿ.

ದಿನದ ತಿಕ್ಕುವಿಕೆ

ಮೊದಲ ಹಲ್ಲು, ಅಂದರೆ ಆರು ತಿಂಗಳ ಸುಮಾರಿಗೆ ಹುಟ್ಟುವುದು, ಹೊರಬಂದ ದಿನದಿಂದಲೇ ಬ್ರಷ್. 3 ವರ್ಷದವರೆಗೆ ಅಕ್ಕಿಕಾಳಿನಷ್ಟು ಪೇಸ್ಟ್, 3ರಿಂದ 6ರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಕಾಣುವಂತೆ ಬ್ರಷ್ಷಿನ ಉದ್ದಕ್ಕೂ ಬೇಡ. ಡಬ್ಬಿಯ ಹಿಂದೆ ಓದಿ: ಮಕ್ಕಳ ಪೇಸ್ಟುಗಳಲ್ಲಿ ಕೆಲವಕ್ಕೆ ಫ್ಲೋರೈಡೇ ಇರುವುದಿಲ್ಲ, ಹಣ್ಣಿನ ರುಚಿ ಮಾತ್ರ. ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಆಸುಪಾಸಿನದು ಹುಳುಕು ತಡೆಯುತ್ತದೆ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಲ್ಲು ಸವೆಸುತ್ತವೆ. ಮನೆಯಲ್ಲಿ ಹಿರಿಯರು ಮಿಶ್ರಿ ಹಚ್ಚುತ್ತಿದ್ದರೆ ಡಬ್ಬಿ ಮಕ್ಕಳ ಕೈಗೆ ಸಿಗದಂತಿರಲಿ, ಅದು ತಂಬಾಕು.

ಎರಡು ಸಲದಲ್ಲಿ ಬಿಡಲೇಬಾರದ್ದು ರಾತ್ರಿಯದು, ಊಟ, ಹಾಲು, ಔಷಧ ಎಲ್ಲ ಮುಗಿದ ಮೇಲೆ. ಕೆಮ್ಮಿನ ಸಿರಪ್, ಕಬ್ಬಿಣದ ಟಾನಿಕ್ ಸಿಹಿಯಾದ್ದರಿಂದ ಅವನ್ನು ಕೊಟ್ಟ ಮೇಲೆ ತಿಕ್ಕಿ, ಮೊದಲಲ್ಲ. ಹಿಂದೆ ನಿಂತು ಮಗುವಿನ ತಲೆಯನ್ನು ನಿಮ್ಮ ಹೊಟ್ಟೆಗೆ ಆನಿಸಿ, ಬ್ರಷ್ಷಿನ ಎಳೆಗಳು ಅರ್ಧ ಹಲ್ಲು, ಅರ್ಧ ಒಸಡಿನ ಮೇಲೆ ಬರುವಂತೆ ಓರೆಯಾಗಿ ಹಿಡಿದು ಸಣ್ಣ ಸುತ್ತು ತಿರುಗಿಸಿ. ಎರಡು ನಿಮಿಷ. 7, 8 ವರ್ಷದವರೆಗೆ ದೊಡ್ಡವರೇ ತಿಕ್ಕಬೇಕು. ತಾನೇ ಅಂಗಿ ಗುಂಡಿ, ಬೂಟಿನ ಲೇಸು ನೀಟಾಗಿ ಹಾಕಿಕೊಳ್ಳಲು ಬಾರದ ಕೈಗೆ ಹಿಂದಿನ ದವಡೆಹಲ್ಲು ಎಟಕುವುದಿಲ್ಲ. ಮುಗಿದ ಮೇಲೆ ಉಗುಳಿದರೆ ಸಾಕು, ಬಾಯಿ ಮುಕ್ಕಳಿಸಬಾರದು. ಉಳಿದ ತೆಳು ಪೇಸ್ಟೇ ರಾತ್ರಿಯ ಕೆಲಸ ಮಾಡುವುದು. ನಲ್ಲಿ ನೀರು ವಾರಗಟ್ಟಲೆ ಕಾಯಿಸುವ ಓಣಿಗಳಿಗೆ ಇದು ಅನುಕೂಲವೂ ಹೌದು.

ತಿನಿಸಿನಲ್ಲಿ ಎಷ್ಟು ತಿಂದರು ಎಂಬುದಕ್ಕಿಂತ ಎಷ್ಟು ಸಲ ಎಂಬುದು ಮುಖ್ಯ. ಊಟದ ಜೊತೆ ಒಂದು ಪೇಢಾ ಅಥವಾ ಶೇಂಗಾ ಉಂಡಿ ತಿಂದರೆ ಆಮ್ಲದ ದಾಳಿ ಒಂದೇ ಸಲ. ಸಂಜೆಯೆಲ್ಲ ಚಹಾದಲ್ಲಿ ಅದ್ದಿದ ಬಿಸ್ಕಿಟ್, ಟೋಸ್ಟ್ ಚೀಪುತ್ತಿದ್ದರೆ ಪ್ರತಿ ಸಲವೂ ಹೊಸದಾಗಿ ಅರ್ಧ ತಾಸು. ಗೌರಿ ಹುಣ್ಣಿಮೆಯ ಸಕ್ಕರೆ ಆರತಿ, ಜಾತ್ರೆಯ ಬೆಂಡು-ಬತ್ತಾಸು ಬೇಡವೆಂದು ಯಾರೂ ಹೇಳುವುದಿಲ್ಲ. ಅಂದೇ ತಿಂದು ಮುಗಿಸಲಿ, ಡಬ್ಬಿಯಲ್ಲಿಟ್ಟು ತಿಂಗಳಿಡೀ ದಿನಕ್ಕೆ ನಾಲ್ಕು ಸಲ ಚೀಪುವುದು ಬೇಡ. ರಾತ್ರಿ ಬಾಟಲಿ ಬಿಡದ ಮಗುವಿಗೆ ಹಾಲನ್ನು ದಿನದಿನಕ್ಕೆ ತೆಳು ಮಾಡುತ್ತಾ ಒಂದೆರಡು ವಾರದಲ್ಲಿ ಬರೀ ನೀರಿಗೆ ತನ್ನಿ. ನಿಪ್ಪಲ್ಲಿಗೆ ಜೇನು, ಬೆಲ್ಲ ಸವರಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಬೇರೆ ಕಾರಣಕ್ಕೂ ಅಪಾಯ.

ತೋರಿಸಲು ಬಾವು ಬರುವವರೆಗೆ ಕಾಯಬೇಕಿಲ್ಲ. ಮೊದಲ ಭೇಟಿ ಒಂದು ವರ್ಷ ತುಂಬುವುದರೊಳಗೆ, ಆಮೇಲೆ ಆರು ತಿಂಗಳಿಗೊಮ್ಮೆ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಹಲ್ಲನ್ನೂ ನೋಡುತ್ತದೆ. ಅವರು ಕೊಟ್ಟ ಚೀಟಿ ಪಾಟಿಚೀಲದಲ್ಲೇ ಹರಿದುಹೋಗದಿರಲಿ. ಆರನೇ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೇಲೆ ಕೆಳಗೆ ಎಡಬಲ ಒಂದೊಂದರಂತೆ ನಾಲ್ಕು ಹೊಸ ದವಡೆಹಲ್ಲು ಬರುತ್ತವೆ. ಯಾವುದೂ ಬೀಳದ ಕಾರಣ ಎಲ್ಲರೂ ಅವನ್ನು ಹಾಲುಹಲ್ಲೆಂದೇ ತಿಳಿಯುತ್ತಾರೆ. ಅವು ಕಾಯಂ ಹಲ್ಲು, ಮತ್ತೆ ಹುಟ್ಟುವಂಥವಲ್ಲ. ಅವುಗಳ ಮೇಲಿನ ಆಳವಾದ ಗೆರೆಗಳನ್ನು ಹುಳುಕು ಹಿಡಿಯುವ ಮೊದಲೇ ಸೀಲೆಂಟ್ ಎಂಬ ತೆಳು ಲೇಪ ಹಾಕಿ ಮುಚ್ಚಬಹುದು. ಕೊರೆಯುವುದಿಲ್ಲ, ಚುಚ್ಚುವುದಿಲ್ಲ, ಒಂದು ಹಲ್ಲಿಗೆ ಕೆಲವು ನಿಮಿಷ. ಹಲ್ಲು ಒಸಡಿನಿಂದ ಪೂರ್ತಿ ಹೊರಬಂದಿರಬೇಕು, ಹಚ್ಚುವಾಗ ಒಣಗಿರಬೇಕು. ಆರು ತಿಂಗಳ ತಪಾಸಣೆಯಲ್ಲಿ ಸೀಲೆಂಟ್ ಎದ್ದಿದೆಯೇ ಎಂದು ನೋಡಿಸಿ, ಎದ್ದಿದ್ದರೆ ಮತ್ತೆ ಹಾಕಿಸಿ.